ಮಾಯಾಳನ್ನು ಎಬ್ಬಿಸಿದ ಮಧ್ಯಾಹ್ನ

ಧುಪದಾಳದಲ್ಲಿ ಅಭಿನಂದನನ ಬಲ ಮೊಣಕಾಲಿಗೆ ಇರುವಷ್ಟು ಹೆಸರು ಅಭಿನಂದನನಿಗೂ ಇಲ್ಲ. ಗೋವೆಯ ಕ್ಲಬ್ಬಿನಲ್ಲಿ ಏಳು ವರ್ಷ ಪಗಾರ ತೆಗೆದುಕೊಂಡು ಫುಟ್‌ಬಾಲ್ ಆಡಿದವನು, ಮೊಣಕಾಲು ಕೆಟ್ಟಿತೆಂದು ಆಟ ಬಿಟ್ಟು ಬಂದ ಎಂಬುದು ಊರು ನಂಬಿದ ಕಥೆ. ಚಹಾದಂಗಡಿಯಲ್ಲಿ ಕುಳಿತವರು ಆ ಮೊಣಕಾಲಿನ ಬಗ್ಗೆ ಮಾತಾಡುವುದನ್ನು ಕೇಳಿದರೆ, ಅದನ್ನು ತಾವೇ ಬಿಚ್ಚಿ ತೊಳೆದು ಜೋಡಿಸಿಟ್ಟವರು ಎನ್ನಿಸಬೇಕು. ಚಳಿಗಾಲ ಬಂತೆಂದರೆ ಎದುರಿಗೆ ಸಿಕ್ಕವರೆಲ್ಲ "ಕಾಲು ಹೆಂಗೈತ್ರಿ?" ಎಂದು ಕೇಳುವುದು, ಅವನು "ನಡದೈತ್ರಿ" ಎನ್ನುವುದು. ಖರೆ ಹೇಳಬೇಕೆಂದರೆ ಆ ಮೊಣಕಾಲಿಗೆ ಏನೂ ಆಗಿಲ್ಲ. ನಲವತ್ತೆರಡು ತುಂಬಿದ ಮೇಲೂ ಗೋಕಾಕದ ಕಾಲೇಜು ಮೈದಾನದಲ್ಲಿ ಅವನು ಓಡಿದರೆ ಇಪ್ಪತ್ತರ ಹುಡುಗಿಯರು ಹಿಂದೆ ಬೀಳುತ್ತಾರೆ. ಊರಿನವರು ಅಷ್ಟು ಬೆಳಿಗ್ಗೆ ಅಲ್ಲಿಗೆ ಹೋಗಿ ನೋಡುವುದಿಲ್ಲ, ಅಷ್ಟೇ.

ಅವನು ಹುಟ್ಟಿದ್ದು ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ, ಹೆದ್ದಾರಿಗೆ ಹತ್ತಿಕೊಂಡ ಜೈನ ರೈತರ ಮನೆಯಲ್ಲಿ. ಓದಲಿ ಎಂದು ಕೊಲ್ಲಾಪುರದ ಸೋದರಮಾವನ ಮನೆಗೆ ಕಳಿಸಿದರು. ಅಲ್ಲಿ ಇವನು ಪುಸ್ತಕ ತೆಗೆದದ್ದಕ್ಕಿಂತ ಚೆಂಡು ಒದ್ದದ್ದೇ ಹೆಚ್ಚು. ಇಪ್ಪತ್ತು ತುಂಬುವುದರೊಳಗೆ ಗೋವೆಯ ಕ್ಲಬ್ಬು ಕರೆಯಿತು. ಜೊತೆಗೆ ಕೊಲ್ಲಾಪುರದ ಇನ್ನೊಬ್ಬ ಹುಡುಗನನ್ನೂ ಕರೆಯಿತು. ಅವನ ಹೆಸರು ಆದಿನಾಥ. ಅಭಿನಂದನ ಹಿಂದೆ ನಿಂತು ತಡೆಯುವವನು, ಆದಿನಾಥ ಮುಂದೆ ನುಗ್ಗಿ ಗೋಲು ಹೊಡೆಯುವವನು. ಇಬ್ಬರಿಗೂ ಒಂದೇ ಖೋಲಿ, ಒಂದೇ ಬಕೀಟು, ಆದಿನಾಥನ ಅವ್ವ ಕಳಿಸಿದ ಒಂದೇ ಡಬ್ಬಿಯ ಮಾವಿನ ಉಪ್ಪಿನಕಾಯಿ.

ಏಳನೆಯ ವರ್ಷದ ಒಂದು ಬೆಳಿಗ್ಗೆ ಮ್ಯಾಚಿನಲ್ಲಿ ಆದಿನಾಥ ತಲೆಯಿಂದ ಗೋಲು ಹೊಡೆದ. ಹೊಡೆಯುವಾಗ ಎದುರಿನವನ ತಲೆಗೆ ಅವನ ತಲೆ ಬಡಿಯಿತು. ಎದ್ದ, ಕೂದಲು ಕೊಡವಿಕೊಂಡ, ಆಟ ಮುಗಿಸಿದ. ವಾಪಸು ಬರುವಾಗ ಗಾಡಿಯಲ್ಲಿ "ಗೋಲ್ ಯಾರ್ ಹೊಡದ್ರೋ?" ಎಂದು ಕೇಳಿದ. ನೀನೇ ಅಂದರೆ ನಕ್ಕ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದ. ಖೋಲಿಗೆ ಬಂದ ಮೇಲೆ ಮೂರನೆಯ ಸಲ ಕೇಳಿದ. ತನ್ನ ಪ್ರತಾಪವನ್ನು ಬೇರೆಯವರ ಬಾಯಲ್ಲಿ ಕೇಳುವ ಚಟ ಎಂದುಕೊಂಡು ಅಭಿನಂದನ, "ನಿಮ್ಮಪ್ಪ ಬಂದು ಹೊಡದ, ಮಲ್ಕೋಪಾ ಇನ್ನ" ಎಂದು ಗದರಿಸಿದ. ಮ್ಯಾನೇಜರ್ ಬಾಗಿಲಿಗೆ ಬಂದು ಆದಿ ಆರಾಮ ಇದ್ದಾನೇನು ಎಂದು ಕೇಳಿದಾಗ, ಆರಾಮ ಇದ್ದಾನೆ ಎಂದೂ ಹೇಳಿದ. ಎರಡು ದಿನಕ್ಕೆ ಇನ್ನೊಂದು ಮ್ಯಾಚಿತ್ತು, ತಲೆಗೆ ಪೆಟ್ಟು ಎಂದರೆ ಗೆಳೆಯನನ್ನು ಹೊರಗೆ ಕೂರಿಸುತ್ತಾರೆ ಎಂಬ ಅಂಜಿಕೆ. ಆದಿನಾಥ ಊಟ ಮಾಡಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಸಂಜೆ ಚಹಾಕ್ಕೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು.

ಹೃದಯ ನಿಂತಿತು ಎಂದು ಜನ ಮಾತಾಡಿಕೊಂಡರು. ಆದಿನಾಥನ ಅವ್ವ ಇವನ ಎರಡೂ ಕೈ ಹಿಡಿದು, "ಏನಾರ ಅಂದನೇನಪಾ? ನೋವು ಅಂದನೇನು?" ಎಂದು ಕೇಳಿದರು. "ಏನೂ ಅನ್ನಲಿಲ್ರಿ, ಸುಮ್ಮನ ಮಲಗಿದ್ದ" ಎಂದ ಅಭಿನಂದನ. ಆ ಮಾತು ಬಾಯಿಂದ ಬಂದಮೇಲೆ ಅದನ್ನು ಮತ್ತೆ ನುಂಗಲು ಅವನಿಗೆ ಆಗಲಿಲ್ಲ. ಆರು ತಿಂಗಳಿಗೆ ಆಟ ಬಿಟ್ಟು ಊರಿಗೆ ಬಂದ. ಕೇಳಿದವರಿಗೆ ಏನಾದರೂ ಹೇಳಬೇಕಲ್ಲ, ಮೊಣಕಾಲು ತೋರಿಸಿದ. ಆಮ್ರಪಾಲಿಯನ್ನು ಮದುವೆಯಾದ. ಅವಳು ಧುಪದಾಳದ ಕನ್ನಡ ಸಾಲಿಯಲ್ಲಿ ಟೀಚರು. ಘಟಪ್ರಭಾದಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ ಹಾಕಿದ. ಹೆಂಡತಿಗೂ ಅವನು ಹೇಳಿದ್ದು ಮೊಣಕಾಲನ್ನೇ.

ಆರು ವರ್ಷದ ಹಿಂದೆ ಗೋಕಾಕದ ಆ ಕಾಲೇಜಿನವರಿಗೆ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಬೇಕೆಂಬ ಹುಕಿ ಬಂತು. ಹುಡುಗಿಯರು ಸಿಕ್ಕರು, ಚೆಂಡು ಸಿಕ್ಕಿತು, ಕಲಿಸುವವರಿಗೆ ಕೊಡಲು ಪಗಾರ ಮಾತ್ರ ಸಿಗಲಿಲ್ಲ. ಯಾರೋ ಇವನ ಹೆಸರು ಹೇಳಿದರು. ಪ್ರಿನ್ಸಿಪಾಲರು ಸಂಕೋಚದಿಂದ ವಿಷಯ ತೆಗೆದರೆ, "ಪಗಾರ ಬ್ಯಾಡ್ರಿ, ಒಂದ ಮಾತು ನಡಸ್ಕೊಡ್ರಿ. ನನ್ನ ತಂಡದಾಗ ಯಾರೂ ತಲಿಲೆ ಚೆಂಡು ಹೊಡಿಯಂಗಿಲ್ಲ" ಎಂದ. ಪ್ರಿನ್ಸಿಪಾಲರಿಗೆ ಫುಟ್‌ಬಾಲೂ ಗೊತ್ತಿಲ್ಲ, ತಲೆಯಿಂದ ಹೊಡೆಯುತ್ತಾರೆಂದೂ ಗೊತ್ತಿಲ್ಲ, ಆಯಿತು ಎಂದರು. ಬೆಳಗಾವಿಯ ಟೂರ್ನಮೆಂಟಿಗೆ ಹೋದಾಗ ಬೇರೆ ಕಾಲೇಜಿನವರು, ಎತ್ತರದ ಚೆಂಡು ಬಂದರೆ ತಲೆ ತಗ್ಗಿಸುವ ಈ ತಂಡವನ್ನು ನೋಡಿ ನಕ್ಕರು. ನಗುವವರು ನಗಲಿ ಎಂದು ಅವನು ಬಿಟ್ಟುಬಿಟ್ಟ. ದಿನಾ ಬೆಳಿಗ್ಗೆ ಐದಕ್ಕೆ ಏಳುವುದು, ಬೈಕಿನಲ್ಲಿ ಗೋಕಾಕ, ಎಂಟಕ್ಕೆ ಆಟ ಮುಗಿಸಿ ಮತ್ತೆ ಘಟಪ್ರಭಾದ ಅಂಗಡಿ. ಬಿಟ್ಟಿ ಚಾಕರಿ ಎಂದು ಜನ ಆಡಿಕೊಂಡರು. ಆಡಿಕೊಳ್ಳುವವರಿಗೆ ಅವನ ಹೊಟ್ಟೆಯೊಳಗಿನ ಅಂಜಿಕೆ ಎಲ್ಲಿ ಕಾಣಬೇಕು? ಒಬ್ಬನನ್ನು ಮಲಗಲು ಬಿಟ್ಟ ಪಾಪಕ್ಕೆ ಹತ್ತಾರು ಮಂದಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ ಎಂಬುದು ಅವನ ಲೆಕ್ಕ.

ಇಷ್ಟೆಲ್ಲ ಕಾದವನು ತಪ್ಪಿದ್ದು ಒಂದು ಮಕ್ಕಳಾಟದ ಮಾತಿನಲ್ಲಿ.

ಹೋದ ಡಿಸೆಂಬರಿನ ಮಾತು. ಬೆಳಗಾವಿಯ ಟೂರ್ನಮೆಂಟಿಗೆ ಹತ್ತು ದಿನ ಉಳಿದಿತ್ತು. ಮೂಲೆಯಿಂದ ಒದ್ದ ಚೆಂಡು ಗೋಲಿನ ಮುಂದೆ ತೇಲಿ ಬಂತು. ಅದನ್ನು ಹಿಡಿಯಲು ಗೋಲು ಕಾಯುವ ಪೂನಮ್ ಹಾರಿದಳು. ಅದೇ ಹೊತ್ತಿಗೆ ಕುಲಗೋಡದ ಮಾಯಾ, ತಂಡದಲ್ಲಿ ಎಲ್ಲರಿಗಿಂತ ಚುರುಕಿನವಳು, ಚೆಂಡಿನ ಮೇಲೆ ಕಣ್ಣಿಟ್ಟು ನುಗ್ಗಿದಳು. ಎರಡು ತಲೆ ಟಕ್ ಎಂದು ಬಡಿದವು. ಇಬ್ಬರೂ ಕುಂಡೆಯ ಮೇಲೆ ಕುಳಿತರು. ಅಭಿನಂದನ ಓಡಿ ಬರುವುದರೊಳಗೆ ಇಬ್ಬರೂ ಹಣೆ ಉಜ್ಜಿಕೊಳ್ಳುತ್ತ ನಗುತ್ತಿದ್ದರು. ಸುತ್ತ ನೆರೆದ ಹುಡುಗಿಯರು "ಇನ್ನೊಂದ ಸಲ, ಇನ್ನೊಂದ ಸಲ" ಎಂದು ಚಪ್ಪಾಳೆ ತಟ್ಟಿದರು. ನಮ್ಮ ಕಡೆ ತಲೆಗೆ ತಲೆ ಬಡಿದರೆ ಒಂದೇ ಪೆಟ್ಟಿಗೆ ಬಿಡುವುದಿಲ್ಲವಲ್ಲ, ಇನ್ನೊಂದು ಸಲ ತಾಗಿಸಬೇಕು, ಇಲ್ಲದಿದ್ದರೆ ಕೋಡು ಮೂಡುತ್ತವೆ. ಹತ್ತರಗಿಯ ಅಂಗಳದಲ್ಲಿ ಅಭಿನಂದನನ ಅವ್ವ ಅವನಿಗೂ ಅವನ ಅಣ್ಣನಿಗೂ ನೂರು ಸಲ ಹಾಗೆ ತಾಗಿಸಿದ್ದಳು. ಅದೇ ಅಂಗಳ ಅವನ ಬಾಯಲ್ಲಿ ಮಾತಾಡಿತು.

"ತಾಗಸ್ರಿ ಇನ್ನೊಂದ ಸಲ, ನಾಳೆ ಕೋಡ ಬಂದ್ರ ನನಗ ಬೈಬ್ಯಾಡ್ರಿ" ಎಂದ.

ಹುಡುಗಿಯರು ಘೊಳ್ಳೆಂದು ನಕ್ಕರು. ಪೂನಮ್ ಮಾಯಾಳ ಕಿವಿ ಹಿಡಿದು ಎಳೆದು ತಲೆಗೆ ತಲೆ ಕುಟ್ಟಿದಳು. ಮೆಲ್ಲಗೆ ತಾಗಿಸುವುದು ಬಿಟ್ಟು, ಗೆಳತಿ ಎಂಬ ಸಲಿಗೆಗೆ ಸ್ವಲ್ಪ ಜೋರಾಗಿಯೇ ಕುಟ್ಟಿದಳು. ಅಭಿನಂದನನೂ ನಕ್ಕ. ಆಮೇಲೆ ಇಬ್ಬರನ್ನೂ ನೆರಳಿಗೆ ಕೂರಿಸಿ ನೀರು ಕುಡಿಸಿ, ಬೆರಳು ತೋರಿಸಿ ಎಷ್ಟೆಂದು ಕೇಳಿದ. ಸರಿಯಾಗಿ ಹೇಳಿದರು. ಎಂಟಾಗಿತ್ತು, ಅಂಗಡಿಯಲ್ಲಿ ಮೂರು ಮೋಟಾರು ಕಾಯುತ್ತಿದ್ದವು, ಅವನು ಹೊರಟ.

ಹತ್ತೂವರೆಗೆ ಪೂನಮ್ ಫೋನು ಮಾಡಿದಳು.

"ಸರ್, ಮಾಯಾ ಕ್ಲಾಸಿಗಿ ಕೂಡಲಿಲ್ರಿ. ತಲಿ ಭಾಳ ನೋಯಾಕತ್ತೈತಿ ಅಂತ ಒಂಬತ್ತರ ಬಸ್ಸಿಗಿ ಊರಿಗಿ ಹೋದ್ಲು."

"ನೀ ಹೆಂಗದಿ?"

"ನಾ ಆರಾಮ ಅದೇನ್ರಿ. ಆದ್ರ ಸರ್, ಬಸ್‌ಸ್ಟ್ಯಾಂಡಿನ್ಯಾಗ ಆಕಿ ಒಂದ ನಮೂನಿ ಮಾಡಿದ್ಲರಿ. ಇವತ್ತ ಪ್ರಾಕ್ಟೀಸ್ ಎಷ್ಟಕ್ಕ ಐತಿ ಅಂತ ಕೇಳಿದ್ಲು. ಈಗ ಮುಗಿಸಿ ಬಂದೇವಲ್ಲ ಅಂದೆ. ಹೂಂ ಅಂದ್ಲು. ಮತ್ತ ಅದನ್ನ ಕೇಳಿದ್ಲು. ನಾ ಚ್ಯಾಷ್ಟಿ ಅಂತ ತಿಳದಿದ್ದೆ."

ಅಭಿನಂದನನ ಕೈಯಲ್ಲಿದ್ದ ತಂತಿಯ ಉರುಳೆ ಕೆಳಗೆ ಬಿತ್ತು. "ಎಷ್ಟ ಸಲ ಕೇಳಿದ್ಲು?" ಎಂದ.

"ಮೂರ ಸಲರಿ."

ಮಾಯಾಳ ಫೋನಿಗೆ ಹಚ್ಚಿದರೆ ಬಂದ್ ಇತ್ತು. ಟೂರ್ನಮೆಂಟಿನ ಒಪ್ಪಿಗೆ ಪತ್ರದಲ್ಲಿ ಅವಳ ಅಪ್ಪನ ನಂಬರು ಇತ್ತಲ್ಲ ಎಂದು ಹುಡುಕಿ ಹಚ್ಚಿದ. ಎತ್ತಿದವಳು ಪೂನಮ್‌ಳೇ. "ಸರ್, ಅದು ನಂದ ಇನ್ನೊಂದ ನಂಬರ್ರಿ" ಎಂದು ಅಳುವ ದನಿಯಲ್ಲಿ ಒಪ್ಪಿಕೊಂಡಳು. ಮಾಯಾ ಮನೆಯಲ್ಲಿ ಬೆಳಗಿನ ಕಂಪ್ಯೂಟರ್ ಕ್ಲಾಸು ಎಂದು ಹೇಳಿ ಬರುತ್ತಿದ್ದಳು. ಎರಡು ವರ್ಷದಿಂದ ಮಗಳು ಚೆಂಡು ಒದೆಯುತ್ತಿದ್ದಾಳೆಂದು ಆ ಮನೆಗೆ ಗೊತ್ತೇ ಇರಲಿಲ್ಲ. ಒಪ್ಪಿಗೆ ಪತ್ರದ ಮೇಲಿನ "ಮಾಳಪ್ಪ" ಎಂಬ ಸಹಿ ಮಾಯಾಳದೇ ಅಕ್ಷರ ಎಂದು ಅಭಿನಂದನನಿಗೆ ಅವತ್ತೇ ಅನುಮಾನ ಬಂದಿತ್ತು. ಒಳ್ಳೆಯ ಆಟಗಾರ್ತಿ ಕೈತಪ್ಪಬಾರದೆಂದು ಕಣ್ಣು ಮುಚ್ಚಿಕೊಂಡಿದ್ದ. ಈಗ ಆ ಹುಡುಗಿ ತಲೆಯೊಳಗೆ ಏನು ಹೊತ್ತುಕೊಂಡು ಹೋಗಿದ್ದಾಳೋ, ಅದನ್ನು ನೋಡಬೇಕಾದವರಿಗೆ ನೋಡಬೇಕೆಂಬುದೇ ತಿಳಿದಿಲ್ಲ. ತಲೆನೋವು ಅಂದರೆ ಮಲಗಿಸುತ್ತಾರೆ. ಯಾವ ತಾಯಿಯಾದರೂ ಮಲಗಿಸುತ್ತಾಳೆ.

ಅಂಗಡಿಯ ಬಾಗಿಲು ಎಳೆಯದೆ ಬೈಕು ಹತ್ತಿದ. ಕಬ್ಬಿನ ಸುಗ್ಗಿ. ಅರಭಾವಿ ದಾಟುವುದರೊಳಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ ಸಾಲು ಹಿಡಿದಿದ್ದವು. ಅವುಗಳ ಮೇಲೆ ಕಿವಿ ಹರಿಯುವಷ್ಟು ಹಾಡು. ಹಾರ್ನು ಹೊಡೆದರೆ ಕೇಳುವವರಿಲ್ಲ. ಪಕ್ಕದ ಮಣ್ಣಿಗೆ ಇಳಿಸಿ ಹೋದ, ಒಂದು ಕಡೆ ಜಾರಿ ಬಿದ್ದು ಮೊಳಕೈ ಕೆತ್ತಿತು, ಎದ್ದು ಮತ್ತೆ ಹತ್ತಿದ. ಬಸ್ಸು ಹತ್ತಕ್ಕೆ ಮುಟ್ಟಿದರೆ, ಹತ್ತೂಕಾಲಿಗೆ ಮನೆ, ಹತ್ತೂವರೆಗೆ ಹಾಸಿಗೆ. ಆದಿನಾಥ ಮಲಗಿದ್ದು ಎಷ್ಟು ಹೊತ್ತು? ಒಂದೂವರೆಯಿಂದ ಐದು. ಆ ಮೂರೂವರೆ ತಾಸಿನಲ್ಲಿ ಯಾವ ಗಳಿಗೆಯವರೆಗೆ ಎಬ್ಬಿಸಿದ್ದರೆ ಏಳುತ್ತಿದ್ದ ಎಂದು ಹದಿನೈದು ವರ್ಷ ಲೆಕ್ಕ ಹಾಕಿದವನು, ಬೈಕಿನ ಮೇಲೆ ಮತ್ತೆ ಅದೇ ಲೆಕ್ಕ ಹಾಕಿದ. ಅವನ ಜೀವಮಾನದಲ್ಲಿ ಅಷ್ಟು ಹೆದರಿದ್ದು ಇಲ್ಲ. ಇಂಥ ಹೊತ್ತಿನಲ್ಲಿ ಮನುಷ್ಯನ ಬುದ್ಧಿ ಎಷ್ಟು ಸಣ್ಣದಾಗುತ್ತದೆ ನೋಡಿ: ಅಲ್ಲಿ ಹೋಗಿ ನಾನು ಯಾರು ಎಂದು ಹೇಳಿಕೊಳ್ಳಲಿ, ಕಾಲೇಜಿಗೆ ದೂರು ಹೋದರೆ ಏನಾಗುತ್ತದೆ, ಆಮ್ರಪಾಲಿಗೆ ಏನು ಹೇಳಲಿ ಎಂಬುದೂ ನಡುನಡುವೆ ಬಂದು ಹೋಯಿತು. ಬಂದದ್ದಕ್ಕೆ ಅವನಿಗೇ ಹೇಸಿಗೆಯಾಯಿತು.

ಕುಲಗೋಡದಲ್ಲಿ ಮಾಳಪ್ಪನ ಮನೆ ಕೇಳಿ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಅಂಗಳದಲ್ಲಿ ಎಮ್ಮೆ, ಗೂಟಕ್ಕೆ ಕಟ್ಟಿದ ನಾಲ್ಕು ಆಡು. ಮಾಳಪ್ಪ ಕಬ್ಬು ಕಡಿಯುವವರಿಗೆ ಬುತ್ತಿ ಒಯ್ಯಲು ಹೊಲದಿಂದ ಬಂದವನು, ತಲೆಗೆ ಸುತ್ತಿದ ಟವೆಲ್ಲನ್ನೂ ಬಿಚ್ಚದೆ ಕಟ್ಟೆಯ ಮೇಲೆ ಕುಳಿತಿದ್ದ. ಹೆಂಡತಿ ಸತ್ತೆವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

"ಮಾಯಾ ಅದಾಳೇನ್ರಿ, ಕಾಕಾ?"

"ಅದಾಳ. ನೀವ್ಯಾರು?"

"ಗೋಕಾಕದಿಂದ ಬಂದೇನ್ರಿ. ಕಾಲೇಜಿನಿಂದ."

ಸತ್ತೆವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಕಂಪೂಟರ್ ಕಲಸಾವ್ರೇನ್ರಿ? ಆಕಿಗಿ ತಲಿ ಸಿಡ್ಯಾಕತ್ತೈತಿ ಅಂತ ಮಲ್ಕೊಂಡಾಳ್ರಿ. ಬಂದಾಕಿನ ಒಂದಿಟ ವಾಂತಿ ಮಾಡ್ಕೊಂಡ್ಲು. ಪಿತ್ತ ಆಗಿರಬೇಕಂತ ಬಾಮ್ ತಿಕ್ಕಿ, ಅರಿವಿ ಕಟ್ಟಿ, ಉಪ್ಪು ಮೆಣಸಿನಕಾಯಿ ಇಳಸಿ ಮಲಗಿಸೇನಿ. ಮುಂಜಾನಿಂದ ಆ ಡಬ್ಬಿ ಮುಂದ ಕುಂತ್ರ ತಲಿ ಯಾಕ ನೋಯೂದಿಲ್ರಿ?"

ಹೂಂ ಅಂದುಬಿಟ್ಟರೆ ಆಗಿತ್ತು. ಕಂಪ್ಯೂಟರಿನ ಸರ್ ಆಗಿಬಿಟ್ಟರೆ ಮಾಯಾಳ ಗುಟ್ಟೂ ಉಳಿಯುತ್ತಿತ್ತು, ಅವನ ಮಾನವೂ ಉಳಿಯುತ್ತಿತ್ತು. ನೋಡಿಕೊಂಡು ಹೋಗಲು ಬಂದೆ ಎಂದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅಭಿನಂದನನ ನಾಲಿಗೆ ಅಷ್ಟು ದೂರ ಹೋಗಿಯೂ ಬಂತು.

"ಆಕಿನ್ನ ಎಬ್ಬಸ್ರಿ ಅಕ್ಕಾರ" ಎಂದ.

"ಈಗ ಕಣ್ಣ ಹತ್ಯಾವ್ರಿ. ಎದ್ದ ಮ್ಯಾಲ ಹೇಳ್ತೇನಿ."

"ಈಗ ಎಬ್ಬಸಬೇಕ್ರಿ."

ಮಾಳಪ್ಪ ಎದ್ದು ನಿಂತ. ಗುರುತಿಲ್ಲದ ಗಂಡಸು ಹಗಲು ಹೊತ್ತಿನಲ್ಲಿ ಬಂದು ಹರೆಯದ ಮಗಳನ್ನು ಎಬ್ಬಿಸು ಅಂದರೆ ಯಾವ ಅಪ್ಪ ಕುಳಿತಿರುತ್ತಾನೆ? "ಏನ ನಡಸೀರಿ? ತಲಿನೋವ ಬಂದಾಕಿಗಿ ನಿದ್ದಿಗಿಂತ ಮಿಗಿಲ ಔಷಧ ಐತೇನು? ಕ್ಲಾಸ್ ತಪ್ಪಿದ್ರ ನಾಳೆ ಕಲಸ್ರಿ. ಹೋಗ್ರಿ ಇನ್ನ" ಎಂದ.

ಅಭಿನಂದನ ಹೋಗಲಿಲ್ಲ. "ನಾ ಕಂಪ್ಯೂಟರ್ ಕಲಸಾಂವಲ್ರಿ, ಕಾಕಾ" ಎಂದು ಶುರುಮಾಡಿದವನು ಎಲ್ಲೂ ನಿಲ್ಲಲಿಲ್ಲ. "ನಿಮ್ಮ ಮಗಳು ಫುಟ್‌ಬಾಲ್ ಆಡ್ತಾಳ್ರಿ. ಎರಡ ವರ್ಷಾತು. ನಾನ ಕಲಸಾಂವ. ಇವತ್ತ ಮುಂಜಾನಿ ಇನ್ನೊಬ್ಬಾಕಿ ತಲಿಗಿ ತಲಿ ಬಡದೈತಿ. ಇನ್ನೊಂದ ಸಲ ತಾಗಸ್ರಿ ಅಂತ ನಾನ ಹೇಳಿ ತಾಗಸೇನಿ. ಇದಕ್ಕ ನಿದ್ದಿ ಔಷಧ ಅಲ್ರಿ. ನನ್ನ ಗೆಳ್ಯಾ ಒಬ್ಬಾಂವ ಇದ್ದ. ಹಿಂಗ ಬಡಿಸ್ಕೊಂಡ ಬಂದು, ಒಂದ ಮಾತು ಮೂರ ಸಲ ಕೇಳಿದ. ನಾ ಅವಗ ಮಲ್ಕೋ ಅಂದೆ. ಅಂವ ಏಳಲಿಲ್ರಿ. ಅವರ ಅವ್ವಗ ನಾ ಇವತ್ತಿನ ತನಕಾ ಹೇಳಿಲ್ಲ. ಮಾಯಾ ಇವತ್ತ ಮೂರ ಸಲ ಕೇಳ್ಯಾಳ್ರಿ. ನನ್ನ ಆಮ್ಯಾಲ ಬೇಕಾದ್ದ ಮಾಡ್ರಿ. ಮೊದಲ ಎಬ್ಬಸ್ರಿ."

ಮಾಳಪ್ಪನ ಮುಖದಲ್ಲಿ ಸಿಟ್ಟು ಏರಿತು. ಅದು ಬಾಯಿಗೆ ಬರುವುದರೊಳಗೆ ಸತ್ತೆವ್ವ ತಿರುಗಿ ಒಳಗೆ ಓಡಿದ್ದಳು.

"ಮಾಯಾ, ಏ ಮಾಯಾ. ಏಳವಾ."

ಉತ್ತರವಿಲ್ಲ.

"ಏಳ ನನ್ನ ಯವ್ವಾ."

ಅಭಿನಂದನ ಹೊಸ್ತಿಲ ಹೊರಗೇ ನಿಂತಿದ್ದ. ಒಳಗೆ ಕಾಲಿಡುವ ಹಕ್ಕು ತನಗಿಲ್ಲ ಎನ್ನಿಸಿತ್ತು. ಇಟ್ಟರೆ ಏನು ಕಾಣಬೇಕಾಗುತ್ತದೋ ಎಂಬ ದಿಗಿಲೂ ಇತ್ತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು ಮಾತ್ರ ಅಲ್ಲಿಂದಲೇ ಕಾಣುತ್ತಿತ್ತು. ಅವನು ಚೌಕಟ್ಟು ಹಿಡಿದುಕೊಂಡ. ಮಾಳಪ್ಪ ಅವನನ್ನು ಬದಿಗೆ ತಳ್ಳಿ ಒಳಗೆ ಹೋದ, ಮಗಳ ಹೆಗಲು ಹಿಡಿದು ಅಲುಗಾಡಿಸಿದ, ಮುಖಕ್ಕೆ ನೀರು ಚಿಮುಕಿಸಿದ. "ಮಾಯಾ" ಎಂದ. ಮತ್ತೆ "ಮಾಯಾ" ಎಂದ. ಆ ಎರಡನೆಯ ಸಲ ಅವನ ದನಿ ಒಡೆಯಿತು. ಅಭಿನಂದನ ಜಿನೇಶ್ವರನನ್ನು ನೆನೆದ. ನಮೋಕಾರ ಮಂತ್ರದ ಮೊದಲ ಸಾಲಿನಾಚೆ ಒಂದಕ್ಷರವೂ ನೆನಪಿಗೆ ಬರಲಿಲ್ಲ.

ಮಾಯಾಳ ಗಂಟಲಿನಿಂದ ಒಂದು ನರಳಿಕೆ ಬಂತು. ಒಂದು ಕಣ್ಣು ಅರ್ಧ ತೆರೆಯಿತು. ಅಪ್ಪನನ್ನು ನೋಡಿ, "ಬಸ್ ಬಂತೇನ?" ಎಂದಳು. ಮಾತು ತೊದಲುತ್ತಿತ್ತು. ಮತ್ತೆ ಕಣ್ಣು ಮುಚ್ಚತೊಡಗಿತು.

"ಮುಚ್ಚಾಕ ಬಿಡಬ್ಯಾಡ್ರಿ, ಮಾತಾಡಸ್ಕೋತ ಇರ್ರಿ" ಎಂದು ಅಭಿನಂದನ ಬಾಗಿಲಿನಿಂದ ಕೂಗಿದ. ಅವತ್ತು ಅವನು ದನಿ ಎತ್ತಿದ್ದು ಅದೊಂದೇ ಸಲ.

ಓಣಿಯ ಮಾಲಿಂಗಪ್ಪನ ಟಂಟಂ ಆಟೋ ಸಿಕ್ಕಿತು. ಹಿಂದೆ ಸತ್ತೆವ್ವನ ತೊಡೆಯ ಮೇಲೆ ಮಾಯಾಳ ತಲೆ, ಎದುರಿಗೆ ಮಾಳಪ್ಪ. ಅಭಿನಂದನ ಬೈಕನ್ನು ಅಲ್ಲೇ ಬಿಟ್ಟು ಮಾಲಿಂಗಪ್ಪನ ಬಾಜೂಕ್ಕೆ ಅಂಟಿಕೊಂಡ. ಮೂಡಲಗಿಯ ಡಾಕ್ಟರು ಬ್ಯಾಟರಿ ಹಾಕಿ ಅವಳ ಎರಡೂ ಕಣ್ಣು ನೋಡಿದರು, ಕೂಡಲೇ ಗೋಕಾಕಕ್ಕೆ ಚೀಟಿ ಬರೆದರು, ಆಂಬುಲೆನ್ಸು ತರಿಸಿದರು. ದಾರಿಯುದ್ದಕ್ಕೂ ಸತ್ತೆವ್ವ ಮಗಳನ್ನು ಮಾತಾಡಿಸುತ್ತ ಬಂದಳು. ಎಮ್ಮೆ ಕರು ಹಾಕಿದ್ದು ಯಾವಾಗ, ನಿನ್ನೆ ಪಲ್ಯ ಏನು ಮಾಡಿದ್ದೆ, ನಿಮ್ಮ ಅಜ್ಜಿಯ ಹೆಸರೇನು. ಮಾಯಾ ಒಂದಕ್ಕೆ ಉತ್ತರ ಕೊಟ್ಟರೆ ನಾಲ್ಕಕ್ಕೆ ಸುಮ್ಮನಿರುತ್ತಿದ್ದಳು. ಸುಮ್ಮನಾದಾಗಲೆಲ್ಲ ಅಭಿನಂದನ ತಿರುಗಿ ಅವಳ ಎದೆ ಏಳುವುದನ್ನು ನೋಡುತ್ತಿದ್ದ.

ಗೋಕಾಕದ ಆಸ್ಪತ್ರೆಯಲ್ಲಿ ಸ್ಕ್ಯಾನು ಮಾಡಿದರು. ಬುರುಡೆಯ ಒಳಗೆ, ಮೆದುಳಿನ ಮೇಲೆ ತೆಳ್ಳಗೆ ರಕ್ತ ಕೂಡಿತ್ತು. ಹೆಚ್ಚಾದರೆ ಬೆಳಗಾವಿಗೆ ಒಯ್ದು ಬುರುಡೆ ತೆರೆಯಬೇಕು, ಹೆಚ್ಚಾಗದಿದ್ದರೆ ಔಷಧದಲ್ಲೇ ಕರಗಬಹುದು, ಸಂಜೆ ಇನ್ನೊಂದು ಸಲ ಸ್ಕ್ಯಾನು ಮಾಡಿ ಹೇಳುತ್ತೇನೆ ಎಂದರು ಡಾಕ್ಟರು. ಅಭಿನಂದನ ಅವರ ಹಿಂದೆಯೇ ಹೋಗಿ, ಮೊದಲನೆಯ ಪೆಟ್ಟಿಗೋ ಎರಡನೆಯದಕ್ಕೋ ಎಂದು ಕೇಳಿದ. ಕೋಡಿನ ಕಥೆ ಹೇಳಿದ. ಡಾಕ್ಟರು ಚಷ್ಮಾ ತೆಗೆದು ಅವನನ್ನೇ ನೋಡಿದರು.

"ಯಾವ ಪೆಟ್ಟಿಗಿ ಆತು ಅಂತ ಹೇಳಾಕ ಬರೂದಿಲ್ರಿ. ನಾನೂ ಸಣ್ಣಾಂವಿದ್ದಾಗ ತಾಗಸೇನಿ. ನಿದ್ದಿಲೆ ಯಾರೂ ಸಾಯೂದಿಲ್ಲ. ನಿದ್ದಿ ಮಾಡ್ಯಾಳ ಅಂತ ಯಾರೂ ನೋಡೂದಿಲ್ಲಲ್ಲ, ಅದು ಕೊಲ್ತೈತಿ. ನೀವ್ ಬಂದ ಎಬ್ಬಿಸಿದ್ದು ಚೊಲೋ ಆತು."

ಮೊದಲನೆಯ ಮಾತಿನಿಂದ ಅವನಿಗೆ ಸಮಾಧಾನವಾಗಲಿಲ್ಲ, ಕೊನೆಯ ಮಾತು ಅವನ ಕಿವಿಗೆ ಬೀಳಲೇ ಇಲ್ಲ.

ಸಂಜೆಯ ಸ್ಕ್ಯಾನಿನವರೆಗಿನ ನಾಲ್ಕು ತಾಸು ಅವನೂ ಮಾಳಪ್ಪನೂ ಒಂದೇ ಬಾಕಿನ ಎರಡು ತುದಿಯಲ್ಲಿ ಕುಳಿತರು. ಆಮ್ರಪಾಲಿ ಸಾಲಿ ಬಿಟ್ಟ ಮೇಲೆ ಸೀದಾ ಬಂದಳು. ಪೂನಮ್ ಅತ್ತು ಕಣ್ಣು ಬಾತುಕೊಂಡು ಬಂದು, ತನ್ನ ತಲೆಯನ್ನೂ ಡಾಕ್ಟರಿಗೆ ತೋರಿಸಿ, ಏನಿಲ್ಲ ಎಂದ ಮೇಲೂ ಅಳುತ್ತ ಕುಳಿತಳು. ಅಭಿನಂದನ ಹೆಂಡತಿಗೆ ಮೊಣಕಾಲಿನ ಸುಳ್ಳನ್ನೂ ಆದಿನಾಥನನ್ನೂ ಅಲ್ಲೇ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಕೆತ್ತಿದ ಅವನ ಮೊಳಕೈಯನ್ನು ನೀರು ಹಚ್ಚಿ ತೊಳೆದಳು.

ಬಾಕಿನ ಆ ತುದಿಯಿಂದ ಮಾಳಪ್ಪ ಮಾತು ತೆಗೆದ. "ಆಟಕ್ಕ ಕಳಸ್ರಿ ಅಂತ ಕೇಳಿದ್ರ ನಾ ಬ್ಯಾಡ ಅಂತಿದ್ದೆ. ಖರೆ. ಸುಳ್ಯಾಕ ಹೇಳ್ಲಿ?" ಎಂದ. ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಆದ್ರ ತಲಿನೋವು ಅಂತ ಬಂದ್ರ ಯಾತರ ತಲಿನೋವು ಅಂತಾರ ಕೇಳ್ತಿದ್ನಿ. ಅಷ್ಟಾರ ಗೊತ್ತಿರತಿತ್ತು ನನಗ."

ಇದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಅಭಿನಂದನನಿಗೆ ಅನ್ನಿಸಿತು.

ಸಂಜೆ ಆರಕ್ಕೆ ಡಾಕ್ಟರು ಬಂದು, ರಕ್ತ ಹೆಚ್ಚಾಗಿಲ್ಲ ಎಂದರು. ಮರುದಿನವೂ ಹೆಚ್ಚಾಗಲಿಲ್ಲ. ಮೂರನೆಯ ದಿನ ಮಾಯಾ ಎದ್ದು ಕುಳಿತು ಅಂಬಲಿ ಕುಡಿದಳು. ಅಭಿನಂದನ ಮೂರು ದಿನವೂ ಬೆಳಿಗ್ಗೆ ಸಂಜೆ ಬಂದು, ವಾರ್ಡಿನ ಬಾಗಿಲಿಗೆ ನಿಂತು, ಅವಳು ಉಸಿರಾಡುವುದನ್ನು ನೋಡಿ ಹೋಗುತ್ತಿದ್ದ. ಮನೆಯಲ್ಲಿ ಮಲಗಿದರೆ ಬೆವೆತು ಏಳುತ್ತಿದ್ದ. ಪಕ್ಕದಲ್ಲಿ ಮಲಗಿದ ಆಮ್ರಪಾಲಿಯ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದ.

ನಾಲ್ಕನೆಯ ದಿನ ಮಾಯಾ ಅವನನ್ನು ಒಳಗೆ ಕರೆದಳು. ಅವ್ವ ಗಂಜಿಯ ಪಾತ್ರೆ ತೊಳೆಯಲು ನಲ್ಲಿಗೆ ಹೋಗಿದ್ದಳು. ಹುಡುಗಿಯ ಕಣ್ಣು ಕೆಂಪಾಗಿದ್ದವು, ಮಾತು ಮಾತ್ರ ಸ್ವಚ್ಛವಾಗಿತ್ತು.

"ಅಪ್ಪಗ ಹೇಳಿಬಿಟ್ರೇನ್ರಿ, ಸರ್?"

"ಹೂಂ."

"ಇನ್ನ ನನ್ನ ಆಡಾಕ ಬಿಡೂದಿಲ್ಲ. ಡಾಕ್ಟರೂ ಬ್ಯಾಡ ಅಂದಾರ. ಅಪ್ಪ ಕಾಲೇಜಿಗೂ ಕಳಸ್ತಾನೋ ಇಲ್ಲೋ ಗೊತ್ತಿಲ್ಲ. ಎರಡ ವರ್ಷ ಬಾಯಿ ಹೊಲಕೊಂಡಿದ್ದೆ ನಾ. ಒಬ್ಬರಿಗೂ ಗೊತ್ತಾಗಿರ್ಲಿಲ್ಲ." ಅವಳು ದಿಂಬಿನಿಂದ ತಲೆ ಎತ್ತಿದಳು. "ನೀವ್ ಕಂಪ್ಯೂಟರ್ ಸರ್ ಅಂತ ಹೇಳಿದ್ರ ಏನಾಗತಿತ್ತು? ಜಾರಿ ಬಿದ್ದಾಳ ಅನ್ನಬೇಕಿತ್ತು. ಇಲ್ಲಾ, ಸುಮ್ಮನ ಇರಬೇಕಿತ್ತು. ನೀವ್ ಸುಮ್ಮನ ಇದ್ದಿದ್ರ ಯಾರಿಗೂ ಏನೂ ಗೊತ್ತಾಗತಿರಲಿಲ್ಲ."

ಎಲ್ಲ ಮಾತು ಬಿಡಿ ಬಿಡಿಯಾಗಿ, ಒಂದೂ ತೊದಲದೆ ಬಂತು. ಸಿಟ್ಟಿಗೆ ಅವಳ ಕೆನ್ನೆಗೆ ರಕ್ತವೂ ಏರಿತ್ತು. ಅಭಿನಂದನ ಮಂಚದ ಕಬ್ಬಿಣದ ಸರಳು ಹಿಡಿದುಕೊಂಡು ನಿಂತಿದ್ದ.

"ಹೌದವ್ವಾ" ಎಂದ. "ಯಾರಿಗೂ ಗೊತ್ತಾಗತಿರಲಿಲ್ಲ."

ಮುಂದೆ ಏನೋ ಹೇಳಲು ಹೋದವನಿಗೆ ಅಳು ಬಂದುಬಿಟ್ಟಿತು. ಸರ್ ಅಳುವುದನ್ನು ಎಂದೂ ನೋಡಿರದ ಮಾಯಾ ಬೈಯುವುದನ್ನು ನಿಲ್ಲಿಸಿ, ದಿಕ್ಕು ತೋಚದೆ ಅವ್ವನನ್ನು ಕೂಗಿದಳು.